ಕ್ಯಾರವಾನಿನಲ್ಲಿದ್ದ ಅಜ್ಜಿ

ರಾಜಧಾನಿಗೆ ಇನ್ನರ್ಧ ದಾರಿ ಇದೆ ಎನ್ನುವಾಗ ಹಿಂದಿನಿಂದ ಯಾರೋ ಆಕಳಿಸಿದರು.

ಕಳ್ಳ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದ. ಕದ್ದ ಕ್ಯಾರವಾನ್ ಆಕಳಿಸುವುದುಂಟೇ? ಕನ್ನಡಿಯಲ್ಲಿ ನೋಡಿದ. ಹಾಸಿಗೆಯ ಪರದೆ ಸರಿಸಿ ಒಬ್ಬ ಅಜ್ಜಿ ಎದ್ದು ಕೂತಿದ್ದಳು.

"ಏನಪ್ಪಾ, ರಾಜಧಾನಿ ಕಡೇನೇ ತಾನೇ?"

"ಹೂಂ, ಹೌದಜ್ಜಿ," ಎಂದಿತು ಅವನ ಬಾಯಿ, ಅವನನ್ನು ಕೇಳದೆಯೇ.

"ಒಳ್ಳೇದಾಯ್ತು. ಗಾಡಿ ಚೆನ್ನಾಗಿಟ್ಟಿದ್ದೀಯ."

ಡ್ರೈವರ್ ಅಂದುಕೊಂಡಿದ್ದಾಳೆ! ಹೋದ ಜೀವ ಬಂದಂತಾಯಿತು. ಬೆನ್ನಿಗೇ ತನ್ನ ಮೇಲೆ ಸಿಟ್ಟೂ ಬಂತು. ವಾರವಿಡೀ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಎದುರಿಗೆ ಈ ಗಾಡಿ ನಿಂತಿದ್ದ ಮನೆಯನ್ನು ಹೊಂಚು ಹಾಕಿದ್ದ. ಗಂಡ, ಹೆಂಡತಿ, ಒಂದು ಸೋಮಾರಿ ನಾಯಿ. ಕಂಡದ್ದು ಅಷ್ಟೇ. ಗಾಡಿಯ ಹಿಂಬಾಗಿಲಿಗೆ ಬೀಗವಿಲ್ಲದ್ದನ್ನು ಕಂಡು ಅದೃಷ್ಟ ಎಂದುಕೊಂಡಿದ್ದ. ಇಡೀ ಅಜ್ಜಿಯೊಬ್ಬಳು ಕಣ್ತಪ್ಪಿದ್ದಾಳೆಂದರೆ ಈ ಕಸುಬಿಗೆ ತಾನು ಲಾಯಕ್ಕಲ್ಲ. ಹೆಂಡತಿ ಹೇಳುವುದೂ ಅದನ್ನೇ.

ಸಂಜೆಯೊಳಗೆ ಗಾಡಿಯನ್ನು ರಾಜಧಾನಿಯ ಒಂದು ಗ್ಯಾರೇಜಿಗೆ ಒಪ್ಪಿಸಬೇಕು. ಅಜ್ಜಿ ಕೂಗಿದರೆ ಜೈಲು. ಕೂಗದಿರಬೇಕಾದರೆ ಹೇಳಿದಲ್ಲೆಲ್ಲ ನಿಲ್ಲಿಸಬೇಕು.

ನಿಲ್ಲಿಸಿದ. ರಾಜಧಾನಿಯ ವಿಜಯದ ಕಮಾನಿನ ಪಕ್ಕ ಅಜ್ಜಿ ಗಾಡಿಯೊಳಗಿನ ಒಲೆಯ ಮೇಲೆ ಚಹಾಕ್ಕಿಟ್ಟಳು. ಸಕ್ಕರೆಗಾಗಿ ಒಂದೊಂದೇ ಡ್ರಾಯರ್ ಎಳೆದು ನೋಡುವಷ್ಟರಲ್ಲಿ ನೀರು ಕುದಿದು ಅರ್ಧಕ್ಕಿಳಿದಿತ್ತು. ಪಾಪ, ಮರೆವು, ಎಂದು ಅವನು ಮರುಗಿದ.

ಕುದುರೆಯೇರಿದ ಕಂಚಿನ ರಾಜನ ಮುಂದೆ ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು. ಕಾಲಲ್ಲಿ ನಂಬರ್ ಬರೆದ ರಬ್ಬರ್ ಚಪ್ಪಲಿ.

"ಎಷ್ಟು ಕಾಲದಿಂದ ಕೂತಿದ್ದಾನೋ ಪುಣ್ಯಾತ್ಮ! ಒಂದು ಸಲ ಇಳಿದು ಆ ಕುದುರೆ ಬೆನ್ನು ತಿಕ್ಕಬಾರದಾ?"

ಅವನು ನಕ್ಕುಬಿಟ್ಟ. ಕೆಲಸದ ಹೊತ್ತಿನಲ್ಲಿ ನಕ್ಕದ್ದು ಇದೇ ಮೊದಲು.

ಪೊಲೀಸ್ ಜೀಪು ಎದುರಾದಾಗ ಅವನು ಟೋಪಿಯನ್ನು ಕಣ್ಣಿಗೆಳೆದುಕೊಂಡ. ಅಜ್ಜಿ ಕಿಟಕಿಯ ಪರದೆ ಎಳೆದಳು.

"ಬಿಸಿಲಪ್ಪಾ," ಎಂದಳು.

ಮೋಡ ಕವಿದಿತ್ತು.

"ಹೇಳಿ ಬಂದಿದ್ದೀರಾ ಅಜ್ಜಿ?"

"ಹೇಳಿದ್ರೆ ಬಿಡ್ತಿದ್ರಾ?"

ಗಡಿಯಾರ ಗೋಪುರದ ಮೆಟ್ಟಿಲ ಮೇಲೆ ಕೂತು ಅವಳು ಮುಂಗೈಗೆ ಅಂಟಿಸಿದ್ದ ಹತ್ತಿಪಟ್ಟಿಯನ್ನು ಸವರಿಕೊಂಡಳು. "ನಾಳೆ ಬೆಳಿಗ್ಗೆ ಎದೆ ಕೊಯ್ತಾರಂತೆ. ಎದ್ದರೆ ಎದ್ದೆ. ಅದಕ್ಕೇ ಇವತ್ತೇ ಎಲ್ಲಾ ನೋಡ್ಬಿಡೋಣ ಅನ್ನಿಸ್ತು."

"ನಾಳೇನಾ! ಮತ್ತೆ ಡಾಕ್ಟ್ರು ಕಾಯಲ್ವಾ?"

"ಕಾಯ್ಲಿ. ನಾನು ಅವರಿಗೆ ಕಾದಿಲ್ವಾ?"

ಗ್ಯಾರೇಜು ಇದ್ದದ್ದು ಮುಂದಿನ ತಿರುವಿನಲ್ಲೇ. ಅಜ್ಜಿಯನ್ನು ಆ ಮೆಟ್ಟಿಲ ಮೇಲೇ ಬಿಟ್ಟು ಹೋಗಬಹುದಿತ್ತು. ಯಾರಾದರೂ ಮನೆ ಮುಟ್ಟಿಸುತ್ತಾರೆ. ಮುಟ್ಟಿಸದಿದ್ದರೆ? ಹೊತ್ತಿಗೆ ಸರಿಯಾಗಿ ಮುಟ್ಟಿಸದಿದ್ದರೆ? ತನ್ನ ಏಳು ತಲೆಮಾರನ್ನೂ ಬೈದುಕೊಳ್ಳುತ್ತ ಅವನು ಕ್ಯಾರವಾನನ್ನು ಬಂದ ದಾರಿಗೇ ತಿರುಗಿಸಿದ. ಅಜ್ಜಿ ತಡೆಯಲಿಲ್ಲ. ಕುದುರೆಯ ರಾಜ ಮರೆಯಾಗುವವರೆಗೆ ಕಿಟಕಿಯಿಂದ ಕೈ ಬೀಸಿದಳು.

ಆ ಬೀದಿ ಮುಟ್ಟಿದಾಗ ದೀಪಗಳು ಹೊತ್ತಿದ್ದವು. ಮನೆಯ ಗೇಟಿನಲ್ಲಿ ಗಂಡ, ಹೆಂಡತಿ, ನಾಯಿ. ಜೊತೆಗೆ ಇಬ್ಬರು ಪೊಲೀಸರು. ಓಡಲು ಇನ್ನೂ ಸಮಯವಿತ್ತು. ಆದರೆ ಗಾಡಿಯ ಮೆಟ್ಟಿಲು ಎತ್ತರ, ಅಜ್ಜಿಯ ಕಾಲು ನಡುಗುತ್ತಿತ್ತು. ಅವನು ಹಿಂದೆ ಬಂದು ಕೈ ಕೊಟ್ಟ.

"ಹುಷಾರಾಗಿ ಇಳೀರಿ ಅಜ್ಜಿ. ನಿಮ್ಮನೆ ಬಂತು."

ಅಜ್ಜಿ ಆ ಮನೆಯನ್ನೂ ಗೇಟಿನಲ್ಲಿದ್ದವರನ್ನೂ ನೋಡಿ, ಅವನ ಕಿವಿಗೆ ಬಾಯಿಟ್ಟು ಕೇಳಿದಳು: "ಇದ್ಯಾರ ಮನೆಯಪ್ಪಾ? ನಾನು ಈ ಎದುರಿನ ಆಸ್ಪತ್ರೆಯಿಂದ ತಪ್ಪಿಸಿಕೊಂಡು ನಿನ್ನ ಗಾಡೀಲಿ ಬಚ್ಚಿಟ್ಟುಕೊಂಡವಳು."