ಕಪ್ಪೆಯ ಕಾಲಿನ ಗಂಟು

ಪಟ್ಟಿ ಮತ್ತೆ ಬಿಚ್ಚಿತ್ತು.

ಅವಳು ಬಚ್ಚಲಿನ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಒದ್ದೆ ಬಟ್ಟೆಯ ಮೇಲೆ ಕಪ್ಪೆ ಗಂಟಲು ಅದುರಿಸುತ್ತಾ ಕೂತಿತ್ತು. ಕಾಲಿಗೆ ಆಸರೆಯಾಗಿ ಕಟ್ಟಿದ್ದ ಕಡ್ಡಿ ಒಂದು ಕಡೆ, ದಾರ ಇನ್ನೊಂದು ಕಡೆ. ದಾರ ಹರಿದಿರಲಿಲ್ಲ. ಗಂಟನ್ನು ಯಾರೋ ನಾಜೂಕಾಗಿ ಬಿಡಿಸಿದ್ದರು. ಕಪ್ಪೆ ಎಂಥ ಕಿಲಾಡಿಯಾದರೂ ಗಂಟು ಬಿಡಿಸುವುದುಂಟೇ?

“ರೀ, ಬನ್ನಿ ಇಲ್ಲಿ!”

ಗಂಡ ಬಂದ. ಅವನು ಗಡಿಯಾರ ರಿಪೇರಿಯವನು. ಕೈ ಒದ್ದೆ ಮಾಡಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಚಿಮಟದಲ್ಲಿ ದಾರ ಹಿಡಿದು ಮತ್ತೆ ಕಟ್ಟಿದ. ಹುಬ್ಬು ಗಂಟಿಕ್ಕಿತ್ತು.

“ಬೆಕ್ಕಿರಬೇಕು.”

“ಕಪ್ಪೇನ ಬಿಟ್ಟು ಬರೀ ದಾರ ಬಿಚ್ಚಿ ಹೋಯ್ತಾ ಬೆಕ್ಕು?” ಅವಳು ನಗು ನುಂಗಿಕೊಂಡಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಕೆಲವು ದಿನಗಳ ಹಿಂದೆ ಉಣ್ಣಲು ಕೂತಾಗಲೇ ಹತ್ತಿಕೊಂಡಿತ್ತು. “ನೀನಿದ್ರೂ ಒಂದೇ, ಇಲ್ದಿದ್ರೂ ಒಂದೇ,” ಅಂದುಬಿಟ್ಟ ಅವನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಸೂಟ್‌ಕೇಸ್ ತುಂಬಿಕೊಂಡು ಹೊರಟೇಬಿಟ್ಟಳು. ಹೋಗುವಾಗ ಬಾಗಿಲನ್ನು ದಢಾರನೆ ಎಳೆದಳು. ಹೊಸ್ತಿಲಲ್ಲಿ ಕೂತಿದ್ದ ಕಪ್ಪೆಯ ಹಿಂಗಾಲು ಸಿಕ್ಕಿಕೊಂಡಿತು.

ತಪ್ಪು ತನ್ನದು, ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. “ಇದರ ಕಾಲು ನೆಟ್ಟಗಾಗಲಿ. ಆಮೇಲೆ ಒಂದು ಗಳಿಗೇನೂ ಈ ಮನೇಲಿರೋಲ್ಲ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಒಳಗೆ ಬಂದಳು. ಎಲ್ಲರೂ ಎಂದರೆ ಗಂಡ ಮತ್ತು ಅತ್ತೆ.

ಅಲ್ಲಿಂದ ಗಂಡ ಬದಲಾದ. ಹೆಂಡತಿ ಉಂಡಳೋ ಬಿಟ್ಟಳೋ ಕೇಳದವನು ಕಪ್ಪೆಗೆಂದು ಅಂಗಡಿಯ ಹಿಂದೆ ಮಣ್ಣು ಕೆದಕಿ ಎರೆಹುಳ ತಂದ. ನಲ್ಲಿ ನೀರಿನ ಕ್ಲೋರಿನ್ ಕಪ್ಪೆಗೆ ಆಗದೆಂದು ಹಿಂದಿನ ದಿನವೇ ಹಿಡಿದಿಟ್ಟ. ಪ್ರಾಣಿ ಡಾಕ್ಟರಿಗೆ ತೋರಿಸಲು ಹೋದಾಗ ಅವರ ಮುಂದೆ ಕೈಮುಗಿಯುವುದೊಂದು ಬಾಕಿ. “ಬೇಗ ವಾಸಿ ಆಗ್ಬೇಕು ಡಾಕ್ಟ್ರೇ. ಮನೇಲಿ ಒಂದು ಜೀವ ದಿನ ಎಣಿಸ್ತಾ ಕೂತಿದೆ,” ಅಂದ. ಪಕ್ಕದಲ್ಲಿ ನಿಂತಿದ್ದ ಅವಳು ತಿರುಗಿ ಅವನ ಮುಖ ನೋಡಿದಳು. ತನ್ನನ್ನು ಜೀವ ಎಂದು ಅವನು ಕರೆದದ್ದು ಅದೇ ಮೊದಲು.

ವರ್ಷಗಳಿಂದ ಕೆಟ್ಟಿದ್ದ ಸೂಟ್‌ಕೇಸಿನ ಚಕ್ರವನ್ನೂ ಬಿಚ್ಚಿ ಸರಿಮಾಡಿದ. ಪಾಪ, ಸಂಕಟಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದಾನೆ ಅಂದುಕೊಂಡಳು. ಅಂಗಡಿಯಲ್ಲೂ ಅವನದು ಅದೇ ಚಾಳಿ. ರಿಪೇರಿಯಾದ ಗಡಿಯಾರ ಅಲ್ಲಿ ಒಂದು ರಾತ್ರಿಯೂ ತಂಗಕೂಡದು. ತಾನೇ ಹೋಗಿ ಗಿರಾಕಿಯ ಮನೆಗೆ ಮುಟ್ಟಿಸಿ ಬರಬೇಕು.

ಆದರೆ ಗಂಟು ಬಿಚ್ಚುತ್ತಿದ್ದದ್ದು ಯಾರು? ಅವಳಲ್ಲ. ಅತ್ತೆಗೆ ಕೈನಡುಕ, ರವಿಕೆಯ ಗುಂಡಿ ಹಾಕಲೂ ಸೊಸೆಯೇ ಬೇಕು. ಹೆಣಿಗೆ ನಿಂತು ಯಾವ ಕಾಲವಾಯಿತೋ. ಬಚ್ಚಲ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಹಳೆಯ ಸ್ವೆಟರುಗಳನ್ನು ಬಿಚ್ಚಿ ಉಂಡೆ ಸುತ್ತುವುದಷ್ಟೇ ಅವರ ಕೆಲಸ. ಉಳಿದವನು ಒಬ್ಬನೇ. ಕೂದಲೆಳೆಯಂಥ ಸ್ಪ್ರಿಂಗು ಬಿಡಿಸುವ ಬೆರಳಿನವನು. ‘ಹೋಗಬೇಡ’ ಎಂದು ಬಾಯಿಬಿಟ್ಟು ಹೇಳಲಾರದ ಗಂಡಸು ಎದುರಿಗೆ ಕಟ್ಟಿ, ಮರೆಯಲ್ಲಿ ಬಿಚ್ಚುತ್ತಿದ್ದ. ಅವಳಿಗೆ ಮದುವೆಯಾದ ಹೊಸತು ನೆನಪಾಯಿತು.

ಗುಂಡಿ ಹಾಕಿಸಿಕೊಳ್ಳುತ್ತಾ ಅತ್ತೆ ಕೇಳಿದರು. “ಕಾಲು ಇನ್ನೂ ಕೂಡಿಲ್ವೇನಮ್ಮ?”

“ಇಲ್ಲ ಅತ್ತೆ. ಕೂಡೋ ಹಾಗೂ ಕಾಣಲ್ಲ.”

“ಸದ್ಯ,” ಅಂದವರು ನಾಲಿಗೆ ಕಚ್ಚಿಕೊಂಡರು. “ಪಾಪ ಅಂದೆ ಕಣಮ್ಮ, ಪಾಪ.”

ಮಗನ ಕಳ್ಳಾಟ ತಾಯಿಗೂ ಗೊತ್ತು! ಅವಳು ಮನಸ್ಸಿನಲ್ಲೇ ನಕ್ಕಳು.

ಮರುದಿನ ಗಂಡ ಟಬ್ಬನ್ನೇ ಎತ್ತಿಕೊಂಡ. “ಇಲ್ಲಿ ಬೆಕ್ಕಿನ ಕಾಟ. ಅಂಗಡೀಲಿ ನನ್ನ ಕಣ್ಣೆದುರಿಗಿರುತ್ತೆ.”

ಎಲಾ ಕಳ್ಳ, ಸಾಕ್ಷಿ ಬೇಡ ಅಂತ ಹೊತ್ತುಕೊಂಡು ಹೋಗ್ತಿದ್ದಾನೆ ಅಂದುಕೊಂಡಳು. ಇನ್ನು ಆ ಕಾಲು ಈ ಜನ್ಮದಲ್ಲಿ ಕೂಡಿದ ಹಾಗೆಯೇ. ಅವಳು ಸೂಟ್‌ಕೇಸ್ ತೆರೆದು ಬಟ್ಟೆಗಳನ್ನೆಲ್ಲ ಕಪಾಟಿಗೆ ಜೋಡಿಸಿದಳು. ಮನಸ್ಸು ಹಗುರಾಯಿತು. ಎಷ್ಟೋ ದಿನಗಳ ನಂತರ ಗುನುಗಿದಳು.

“ನಾನೆಲ್ಲೂ ಹೋಗಲ್ಲ ಅತ್ತೆ.”

ಅತ್ತೆ ನಗಲಿಲ್ಲ. “ಟಬ್ಬು ಯಾಕೆ ತಗೊಂಡು ಹೋದ ಅವನು?” ಎಂದು ಎರಡೆರಡು ಸಲ ಕೇಳಿದರು.

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಅವನು ಖಾಲಿ ಟಬ್ಬು ಹಿಡಿದು ಮನೆಗೆ ಬಂದ. ಮುಖದಲ್ಲಿ ಅವಳು ಎಂದೂ ಕಾಣದ ಕಳೆ.

“ಈಗ ತಾನೇ ಕೆರೆ ದಂಡೇಲಿ ಬಿಟ್ಟೆ. ಏನು ನೆಗೆತ ಅಂತೀಯ! ಕಾಲು ಮುರಿದಿತ್ತು ಅಂದ್ರೆ ಯಾರೂ ನಂಬಲ್ಲ.”

ಸೀದಾ ಒಳಕೋಣೆಗೆ ಹೋಗಿ ಸೂಟ್‌ಕೇಸ್ ಎಳೆದುತಂದ. ಚಕ್ರ ಸದ್ದಿಲ್ಲದೆ ಉರುಳಿತು. ಕೈಯಲ್ಲೆತ್ತಿ ತೂಗಿ ನೋಡಿದ.

“ಇದೇನು, ಖಾಲಿ? ಇನ್ನೂ ತುಂಬಿಕೊಂಡಿಲ್ವಾ? ಗಾಡಿ ಹೊರಗೆ ಕಾಯ್ತಿದೆ.”

ಅವಳು ಬಟ್ಟೆ ಜೋಡಿಸಿಟ್ಟಿದ್ದ ಕಪಾಟಿನ ಕಡೆ ನೋಡಿದಳು.

“ಹಾಗಾದ್ರೆ… ಗಂಟು ಬಿಚ್ಚುತ್ತಿದ್ದದ್ದು ನೀವಲ್ವಾ?”

“ನಾನಾ? ನನಗೇನು ತಲೆ ಕೆಟ್ಟಿದ್ಯಾ?”

ಅತ್ತೆಯ ಮಡಿಲಿನಿಂದ ಉಲ್ಲನ್ನಿನ ಉಂಡೆ ಉರುಳಿ ಬಿತ್ತು. “ಈ ಕೈಗೆ ಬಿಚ್ಚೋದೊಂದೇ ಬರುತ್ತೆ ಕಣಮ್ಮ, ಆದಷ್ಟು ದಿನ ಬಿಚ್ಚಿದೆ.”