ಮಡಿಲಲ್ಲಿ ಒಂದು ಚಿಟ್ಟೆ

ಚಿಟ್ಟೆಗಳು ಘಟ್ಟದ ದಾರಿ ಮರೆತ ಮೇಲೆ, ಮಳೆಗಾಲ ಮುಗಿದೊಡನೆ ಬಸ್ಸಿನ ಪ್ರಯಾಣಿಕರೇ ಕಂಡಕ್ಟರ್ ಕೊಡುವ ಡಬ್ಬಿಯಲ್ಲಿ ಒಂದೊಂದನ್ನು ಒಯ್ದು ಬಿಡುವುದು ರೂಢಿಯಾಗಿತ್ತು. ಕೊಳ್ಳೇಗಾಲದಲ್ಲಿ ಹತ್ತಿದ ವನಮಾಲಾ, ಮೊಬೈಲ್ ನೋಡಲು ಅಡ್ಡಿಯೆಂದು ಮಡಿಲಲ್ಲಿದ್ದ ಡಬ್ಬಿಯನ್ನು ಬಿಸಿಲಿನ ಕಿಟಕಿಗೆ ಸರಿಸಿ ಮರೆತಳು.

ಮಡಿಕೇರಿಯಲ್ಲಿ ಒಬ್ಬೊಬ್ಬರಾಗಿ ಮುಚ್ಚಳ ತೆಗೆದರು. ನೀಲಿ ರೆಕ್ಕೆಗಳು ಮೇಲೆದ್ದವು. ಅವಳ ಚಿಟ್ಟೆ ಮಾತ್ರ ಅಲುಗಲಿಲ್ಲ.

ಪಕ್ಕದ ಸೀಟಿನ ಜುಲೇಖಾಬಿ ಅದನ್ನು ನೋಡಿ, ಇನ್ನೂ ತೆರೆಯದಿದ್ದ ತಮ್ಮ ಡಬ್ಬಿಯನ್ನು ಅವಳಿಗಿತ್ತು, ಅವಳದನ್ನು ಸದ್ದಿಲ್ಲದೆ ತಾವು ತೆಗೆದುಕೊಂಡರು. "ತಗೋಮ್ಮ, ಇದನ್ನ ನೀನು ಬಿಡು."

"ಬೇಡ ಅಜ್ಜಿ..."

"ಬಿಡಮ್ಮ, ಪಾಪ, ಅದು ಹೋಗ್ಲಿ."

ವನಮಾಲಾ ಮುಚ್ಚಳ ತೆಗೆದಳು. ಚಿಟ್ಟೆ ಹಾರಿತು.

ಅಷ್ಟರಲ್ಲಿ ಕಂಡಕ್ಟರ್ ಬಂದು ಮುದುಕಿಯ ಡಬ್ಬಿ ಇಣುಕಿದ. "ಏನಜ್ಜಿ, ಸಾಯಿಸಿಬಿಟ್ರಾ? ಇನ್ಮೇಲೆ ನಿಮಗೆ ಕೊಡಲ್ಲ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಜುಲೇಖಾಬಿ ತಲೆ ತಗ್ಗಿಸಿದರು.

ನಾನೇ ಎನ್ನಲು ವನಮಾಲಾ ಬಾಯಿ ತೆರೆದಳು. ಮತ್ತೆ ಮುಚ್ಚಿ, ಚೀಲ ಎತ್ತಿಕೊಂಡಳು. ಅಜ್ಜಿಯ ಮುಖ ನೋಡಲಾರದೆ, ಅವರಿಗಿಂತ ಮೊದಲೇ ಇಳಿದುಹೋದಳು.