ಹಿತ್ತಿಲ ಬಾಗಿಲ ರಾಗಿಹಿಟ್ಟು

ಗಿರಣಿಯಿಂದ ತಂದ ರಾಗಿಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿಟ್ಟೇ ಬರುತ್ತದೆ, ಮಕ್ಕಳೇ.

ಆಗ ನಾವು ಮದ್ದೂರಿನ ಅಂಚಿನ ಹೊಸ ಬಡಾವಣೆಯಲ್ಲಿದ್ದೆವು. ಅಪ್ಪನಿಗೆ ಅವ್ವನ ಮೇಲೆ ಅನುಮಾನ. ಕೆಲಸಕ್ಕೆ ಹೊರಡುವಾಗ ಹಿತ್ತಿಲ ಹೊಸ್ತಿಲಾಚೆ ತೆಳ್ಳಗೆ ರಾಗಿಹಿಟ್ಟು ಉದುರಿಸಿ ಹೋಗುತ್ತಿದ್ದ, ಯಾರಾದರೂ ಬಂದರೆ ಹೆಜ್ಜೆ ಮೂಡಲಿ ಎಂದು.

ಅಂದು ಮಧ್ಯಾಹ್ನ ಊಟಕ್ಕೆ ಬಂದವನು ಹಿಟ್ಟಿನಲ್ಲಿ ಅಗಲವಾದ ಹೆಜ್ಜೆಯೊಂದನ್ನು ಕಂಡ.

"ಯಾವನೇ ಬಂದಿದ್ದೋನು? ಬಾಯ್ ಬುಡು!"

ಅವ್ವ ತನ್ನ ಸಣ್ಣ ಪಾದವನ್ನು ಆ ಗುರುತಿನ ಪಕ್ಕದಲ್ಲೇ ಊರಿದಳು. "ನಂದಲ್ಲ. ಯಾವನೂ ಬಂದಿಲ್ಲ. ಮನೇಲಿರೋರ ಕಾಲೆಲ್ಲಾ ನೋಡು."

"ನಾಳೀಕೆ ಬಸ್ಸತ್ತುಸ್ತೀನಿ, ನಿಮ್ಮಪ್ಪನ ಮನೇಲೇ ಬಿದ್ದಿರು. ಕೂಸು ಇಲ್ಲೇ ಇರ್ಲಿ" ಎಂದು ಅಪ್ಪ ನನ್ನತ್ತ ಕೈ ತೋರಿಸಿದ.

ಅಪ್ಪನ ತಾಯಿ, ನಮ್ಮಜ್ಜಿ, ಮಂಚದ ಮೇಲೆ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡಳು. "ಗಂಡ ಕೇಳುದ್ರೆ ತಲೆ ಬಗ್ಸಿ ನಿಜ ಯೋಳ್ಬೇಕು ಕಣಮ್ಮಿ."

ಮಗನಿಗೆ ತಿಳಿಯದಂತೆ ಹೊಗೆಸೊಪ್ಪು ಹಾಕಿಕೊಳ್ಳಲು ಅಜ್ಜಿ ಹಿತ್ತಿಲಿಗೆ ಹೋಗಿದ್ದನ್ನು ನಾನು ಕಂಡಿದ್ದೆ. ಅವಳ ಒಡೆದ ಹಿಮ್ಮಡಿಯ ಬಿರುಕುಗಳಲ್ಲಿ ಹಿಟ್ಟು ಇನ್ನೂ ಇತ್ತು. ನಾನು ಬಾಯಿ ತೆರೆದೆ. ಅಜ್ಜಿ ನನ್ನತ್ತ ಕಣ್ಣು ಬಿಟ್ಟಳು. ಬಾಯಿ ಮುಚ್ಚಿಕೊಂಡೆ.

ಅವ್ವ ನನ್ನನ್ನೂ ನೋಡಿದಳು, ಅಜ್ಜಿಯ ಸೀರೆಯಂಚನ್ನೂ ನೋಡಿದಳು. ತುಳಿದ ಹಿಟ್ಟನ್ನು ಮಣ್ಣುಸಮೇತ ಬಳಿದು, ಮಡಕೆಯ ಹಿಟ್ಟಿಗೆ ಸೇರಿಸಿ ಮುದ್ದೆ ತೊಳಸಿದಳು. ಅಪ್ಪ, ಅಜ್ಜಿ ಇಬ್ಬರ ತಟ್ಟೆಗೂ ಇಟ್ಟು, "ಉಣ್ಣಿ, ನಿಮ್ಮನೆ ಹಿಟ್ಟೇ" ಎಂದಳು. ಅಜ್ಜಿಯ ಹಲ್ಲಿಗೆ ಕಲ್ಲು ಸಿಕ್ಕಿತು. ನುಂಗಿಕೊಂಡಳು.

ಮರುದಿನ ಅಪ್ಪ ಬಸ್ಸು ಹತ್ತಿಸಬೇಕಾಗಲಿಲ್ಲ. ಅವ್ವ ನನ್ನ ಕೈ ಹಿಡಿದು ತಾನೇ ಹತ್ತಿದಳು. ಅವಳ ತವರೂರು ಮಳವಳ್ಳಿ ಬರುವವರೆಗೂ ಕೈ ಬಿಡಲಿಲ್ಲ, ನನ್ನನ್ನು ಒಂದು ಮಾತೂ ಕೇಳಲಿಲ್ಲ.